ಒಂದೇ ಫ್ರೆಂಚ್ ಕಾನೂನು, ಎರಡು ತೀರ್ಪು: ಧಾರ್ಮಿಕ ಉಡುಪಿನ ಕೇಸುಗಳನ್ನ ಅರ್ಥ ಮಾಡ್ಕೊಳ್ಳೋದು ಹೇಗೆ?

ಹಿಜಾಬ್ ವಿಷ್ಯ ಎದ್ದಾಗೆಲ್ಲ ವಾಟ್ಸಾಪ್ ಗ್ರೂಪುಗಳಲ್ಲಿ ಎರಡು ಥರದ ಫಾರ್ವರ್ಡ್ ಬಂದೇ ಬರುತ್ತೆ. ಒಂದು, "ಫ್ರಾನ್ಸಂಥ ಮುಂದುವರಿದ ದೇಶದಲ್ಲೇ ಬ್ಯಾನ್ ಮಾಡಿದ್ದಾರೆ, ಯುರೋಪಿನ ಮಾನವ ಹಕ್ಕು ಕೋರ್ಟೇ ಅದನ್ನ ಸರಿ ಅಂದಿದೆ". ಇನ್ನೊಂದು, "ಫ್ರಾನ್ಸ್ ಮಾಡಿದ್ದು ಮಾನವ ಹಕ್ಕಿನ ಉಲ್ಲಂಘನೆ ಅಂತ ವಿಶ್ವಸಂಸ್ಥೆನೇ ಹೇಳಿದೆ". ಕಳಿಸೋರು ಅವರವರ ಫಾರ್ವರ್ಡೇ ಕೊನೇ ಮಾತು ಅಂತ ನಂಬಿರ್ತಾರೆ, ಎದುರಿನವರದ್ದು ಫೇಕ್ ಅಂತಾರೆ. ಆದ್ರೆ ಎರಡೂ ನಿಜ. 2010ರ ಒಂದೇ ಫ್ರೆಂಚ್ ಕಾನೂನನ್ನ 2014ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿರೋ ಯುರೋಪಿನ ಮಾನವ ಹಕ್ಕು ಕೋರ್ಟು ಒಪ್ಕೊಳ್ತು, 2018ರಲ್ಲಿ ಜಿನೀವಾದಲ್ಲಿ ಸೇರೋ ವಿಶ್ವಸಂಸ್ಥೆಯ ಸಮಿತಿ ತಪ್ಪು ಅಂತು.

ಇನ್ನೊಂದು ವಿಷ್ಯ, ಆ ಎರಡು ತೀರ್ಪೂ ತಲೆಗೆ ಸುತ್ತೋ ಹಿಜಾಬ್ ಬಗ್ಗೆ ಅಲ್ವೇ ಅಲ್ಲ, ಮುಖ ಮುಚ್ಚೋದರ ಬಗ್ಗೆ. ಹಾಗಾಗಿ ಅದನ್ನ ತಂದು ನಮ್ಮ ಉಡುಪಿ ಕಾಲೇಜಿನ ಜಗಳಕ್ಕೆ ನೇರವಾಗಿ ಅಂಟಿಸೋಕಾಗಲ್ಲ, ಯಾವ ಕಡೆಯವರಿಗೂ ಆಗಲ್ಲ. ಇದೆಲ್ಲ ಯಾಕೆ ಇಷ್ಟು ಗೋಜಲು, ಯಾವ ಕೋರ್ಟು ಏನನ್ನ ನೋಡುತ್ತೆ ಅನ್ನೋದನ್ನ ಬುಡದಿಂದ ನೋಡೋಣ.

ಯಾವ ಬಟ್ಟೆ, ಯಾವ ರೂಲು

ಹಿಜಾಬ್ ಅಂದ್ರೆ ಕೂದಲು, ಕಿವಿ, ಕುತ್ತಿಗೆ ಮುಚ್ಚೋ ಸ್ಕಾರ್ಫ್, ಮುಖ ಕಾಣುತ್ತೆ. ನಿಖಾಬ್‌ನಲ್ಲಿ ಕಣ್ಣು ಮಾತ್ರ ಕಾಣುತ್ತೆ. ಬುರ್ಖಾ ಅನ್ನೋ ಪದವನ್ನ ನಾವು ಇಲ್ಲಿ ಕಪ್ಪು ಗೌನಿಗೆಲ್ಲ ಬಳಸ್ತೀವಿ, ಆದ್ರೆ ಯುರೋಪಿನ ಕೇಸುಗಳಲ್ಲಿ ಅದು ಅಫ್ಘಾನಿಸ್ತಾನದ ಥರ ಕಣ್ಣಿನ ಮುಂದೂ ಜಾಲರಿ ಇರೋ ಉಡುಪು. ಅಬಾಯ ಅಂದ್ರೆ ಬರೀ ಉದ್ದ ಸಡಿಲ ಗೌನು.

ಫ್ರಾನ್ಸಲ್ಲಿ ಇದಕ್ಕೆಲ್ಲ ಒಂದೇ ಬ್ಯಾನ್ ಇಲ್ಲ, ಬೇರೆ ಬೇರೆ ಮೂರು ರೂಲುಗಳಿವೆ. ಸರ್ಕಾರಿ ನೌಕರರು ಡ್ಯೂಟಿ ಮೇಲಿದ್ದಾಗ ಯಾವ ಧರ್ಮದ ಗುರುತನ್ನೂ ತೋರಿಸೋ ಹಾಗಿಲ್ಲ, ಇದು ಹಳೇದು. 2004ರ ಮಾರ್ಚ್ 15ರ ಕಾನೂನು ಸರ್ಕಾರಿ ಶಾಲೆ ಮಕ್ಕಳಿಗೆ, ಪ್ರೈಮರಿಯಿಂದ ನಮ್ಮ ಪಿಯು ಲೆವೆಲ್‌ವರೆಗೆ: ಎದ್ದು ಕಾಣೋ ಧಾರ್ಮಿಕ ಗುರುತು ಬೇಡ, ಅಂದ್ರೆ ಹಿಜಾಬ್, ಯಹೂದಿಗಳ ಕಿಪ್ಪಾ ಟೋಪಿ, ದೊಡ್ಡ ಶಿಲುಬೆ ಬೇಡ, ಸಣ್ಣ ಲಾಕೆಟ್ ಪರವಾಗಿಲ್ಲ. ಸಿಖ್ ಹುಡುಗರ ಪಗಡಿಯೂ ಇದರಲ್ಲೇ ಸಿಕ್ಕಿಹಾಕ್ಕೊಳ್ತು. ಮೂರನೇದು 2010ರ ಅಕ್ಟೋಬರ್ 11ರ ಕಾನೂನು, 2011ರ ಏಪ್ರಿಲ್ 11ರಿಂದ ಜಾರಿ. ರಸ್ತೆ, ಬಸ್ಸು, ಅಂಗಡಿ ಎಲ್ಲಾದ್ರೂ ಸರಿ ಮುಖ ಮುಚ್ಕೊಂಡು ಓಡಾಡಂಗಿಲ್ಲ, ಸಿಕ್ಕಿಬಿದ್ರೆ 150 ಯೂರೋವರೆಗೆ ದಂಡ. ಬೇರೆಯವರಿಗೆ ಬಲವಂತವಾಗಿ ಮುಖ ಮುಚ್ಚಿಸಿದ್ರೆ ಒಂದು ವರ್ಷದವರೆಗೆ ಜೈಲು, 30,000 ಯೂರೋ ದಂಡ. ಕಾನೂನಿನ ಹೆಡ್ಡಿಂಗಲ್ಲಿ ಎಲ್ಲೂ ಇಸ್ಲಾಂ ಅನ್ನೋ ಪದ ಇಲ್ಲ.

ಸೆಕ್ಯುಲರ್ ಅಂದ್ರೆ ಎಲ್ಲಾ ಕಡೆ ಒಂದೇ ಅಲ್ಲ

ಫ್ರಾನ್ಸಿನ ಸೆಕ್ಯುಲರ್ ನೀತಿಗೆ ಅವರು ಲಾಯಿಸಿಟೆ ಅಂತಾರೆ. ಅದರ ಬೇರು 1905ರ ಡಿಸೆಂಬರ್ 9ರ ಕಾನೂನಲ್ಲಿದೆ. ಶಾಲೆ, ರಾಜಕೀಯ ಎಲ್ಲದರಲ್ಲೂ ಕೈ ಆಡಿಸ್ತಿದ್ದ ಕ್ಯಾಥೊಲಿಕ್ ಚರ್ಚಿನ ಜೊತೆ ಗಣರಾಜ್ಯದವರು ದಶಕಗಟ್ಟಲೆ ಗುದ್ದಾಡಿ ಕೊನೆಗೆ ಬಂದು ನಿಂತಿದ್ದು ಇಲ್ಲಿ. ಮೊದಲನೇ ಕಲಂ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಡುತ್ತೆ, ಎರಡನೇದು ಸರ್ಕಾರ ಯಾವ ಪಂಥವನ್ನೂ ಮಾನ್ಯ ಮಾಡಲ್ಲ, ಸಂಬಳ ಕೊಡಲ್ಲ, ದುಡ್ಡು ಹಾಕಲ್ಲ ಅನ್ನುತ್ತೆ. ಇಲ್ಲೂ ಒಂದು ಎಕ್ಸೆಪ್ಶನ್ ಇದೆ ನೋಡಿ, ಆಲ್ಸಾಸ್-ಮೊಸೆಲ್ ಪ್ರದೇಶ 1905ರಲ್ಲಿ ಜರ್ಮನಿ ಕೈಲಿತ್ತು, ಹಾಗಾಗಿ ಅಲ್ಲಿ ಇವತ್ತಿಗೂ ಪಾದ್ರಿಗಳಿಗೆ ಸರ್ಕಾರವೇ ಸಂಬಳ ಕೊಡುತ್ತೆ.

ಗಮನಿಸಬೇಕಾದ್ದು ಏನಂದ್ರೆ, 1905ರ ಕಾನೂನು ನ್ಯೂಟ್ರಲ್ ಆಗಿರು ಅಂತ ಹೇಳಿದ್ದು ಸರ್ಕಾರಕ್ಕೆ, ಜನಕ್ಕಲ್ಲ. ಶಾಲೆಗೆ ಬರೋ ಹುಡುಗಿ ಸರ್ಕಾರನಾ, ಜನವಾ? 1989ರಲ್ಲಿ ಪ್ಯಾರಿಸ್ ಹತ್ರದ ಕ್ರೈ ಅನ್ನೋ ಊರಲ್ಲಿ ಮೂವರು ಹುಡುಗಿಯರನ್ನ ಸ್ಕಾರ್ಫ್ ತೆಗೀಲಿಲ್ಲ ಅಂತ ಸ್ಕೂಲಿಂದ ಹೊರಗಿಟ್ಟಾಗ ಈ ಪ್ರಶ್ನೆ ಎದ್ದಿತು. ಆಗ ಸರ್ಕಾರಕ್ಕೆ ಕಾನೂನು ಸಲಹೆ ಕೊಡೋ, ಆಡಳಿತದ ಕೇಸುಗಳ ಅತ್ಯುನ್ನತ ಕೋರ್ಟೂ ಆಗಿರೋ ಕೌನ್ಸಿಲ್ ಆಫ್ ಸ್ಟೇಟ್ ಕೊಟ್ಟ ಉತ್ತರ: ಮಕ್ಕಳು ಧಾರ್ಮಿಕ ಗುರುತು ಹಾಕ್ಕೊಳ್ಳೋದು ಲಾಯಿಸಿಟೆಗೆ ತಾನಾಗೇ ವಿರುದ್ಧ ಅಲ್ಲ, ಬೇರೆಯವರ ಮೇಲೆ ಒತ್ತಡ, ಮತಪ್ರಚಾರ, ಗಲಾಟೆ ಆದ್ರೆ ಮಾತ್ರ ತಡೀಬಹುದು. ಅಂದ್ರೆ ಅದೇ ಲಾಯಿಸಿಟೆ ಇಟ್ಕೊಂಡೇ 1989ರಲ್ಲಿ ಬಿಟ್ಟಿದ್ರು, 2004ರಲ್ಲಿ ತಡೆದ್ರು. "ಫ್ರಾನ್ಸ್ ಸೆಕ್ಯುಲರ್, ಅದಕ್ಕೇ ಬ್ಯಾನ್" ಅನ್ನೋ ಒಂದು ಸಾಲಿನ ವಿವರಣೆ ಸಾಲಲ್ಲ ಅನ್ನೋಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಬ್ರಿಟನ್ ನೋಡಿ, ಅಲ್ಲಿ ರಾಜನೇ ಚರ್ಚ್ ಆಫ್ ಇಂಗ್ಲೆಂಡಿನ ಮುಖ್ಯಸ್ಥ, ಮೇಲ್ಮನೆಯಲ್ಲಿ 26 ಬಿಷಪ್‌ಗಳಿಗೆ ಸೀಟಿದೆ. ಧರ್ಮ-ಸರ್ಕಾರ ಬೇರೆನೇ ಆಗಿಲ್ಲ. ಆದ್ರೂ 1976ರಲ್ಲೇ ಪಗಡಿ ಕಟ್ಟೋ ಸಿಖ್ಖರಿಗೆ ಬೈಕ್ ಹೆಲ್ಮೆಟ್‌ನಿಂದ ವಿನಾಯ್ತಿ ಕೊಟ್ಟು ಪಾರ್ಲಿಮೆಂಟು ಕಾನೂನು ಮಾಡ್ತು. ನಮ್ಮದು ಮೂರನೇ ದಾರಿ. ಮುಜರಾಯಿ ಇಲಾಖೆ ಅಂತ ಒಂದಿದೆ, ದೇವಸ್ಥಾನದ ಹುಂಡಿ ಎಣಿಸೋದು, ಅರ್ಚಕರಿಗೆ ತಸ್ತಿಕ್ ಕೊಡೋದು ಸರ್ಕಾರಿ ಕೆಲಸವೇ, ಪ್ಯಾರಿಸ್‌ನವರಿಗೆ ಹೇಳಿದ್ರೆ ನಂಬೋದು ಕಷ್ಟ. ಸಂವಿಧಾನದ 25ನೇ ವಿಧಿ ಜೊತೆಗೇ ಕೊಟ್ಟಿರೋ ವಿವರಣೆಯಲ್ಲಿ ಸಿಖ್ಖರು ಕಿರ್ಪಾನ್ ಧರಿಸೋದು ಧರ್ಮಪಾಲನೆಯ ಭಾಗ ಅಂತ ಬರೆದೇ ಇದೆ. ಹಾಗಾಗಿ ಒಂದು ದೇಶ ಎಷ್ಟು ಸೆಕ್ಯುಲರ್ ಅನ್ನೋದು ಅಲ್ಲಿ ಬಟ್ಟೆಗೆ ಎಷ್ಟು ಬಿಡುವು ಇದೆ ಅನ್ನೋದನ್ನ ಹೇಳಲ್ಲ.

ಮಾನವ ಹಕ್ಕು ಕಾನೂನು ಕೇಳೋ ಪ್ರಶ್ನೆಗಳು

ಎರಡು ದಾಖಲೆ ನೆನಪಿಟ್ಕೊಂಡ್ರೆ ಸಾಕು. ಯುರೋಪಿಗೆ 1950ರ ಯುರೋಪಿಯನ್ ಮಾನವ ಹಕ್ಕು ಒಪ್ಪಂದ, ಅದರ 9ನೇ ವಿಧಿ ಧರ್ಮದ್ದು, ಅದನ್ನ ನೋಡ್ಕೊಳ್ಳೋದು ಸ್ಟ್ರಾಸ್‌ಬರ್ಗ್‌ನ ಕೋರ್ಟು. ಇಡೀ ಜಗತ್ತಿಗೆ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತಾರಾಷ್ಟ್ರೀಯ ಒಡಂಬಡಿಕೆ, ಅದರ 18ನೇ ವಿಧಿ ಧರ್ಮದ್ದು, ಅದನ್ನ ನೋಡ್ಕೊಳ್ಳೋದು 18 ಜನ ಸ್ವತಂತ್ರ ತಜ್ಞರಿರೋ ಮಾನವ ಹಕ್ಕುಗಳ ಸಮಿತಿ, ಜಿನೀವಾದಲ್ಲಿ ಸೇರುತ್ತೆ.

ಎರಡರಲ್ಲೂ ಲೆಕ್ಕಾಚಾರ ಹೆಚ್ಚುಕಮ್ಮಿ ಒಂದೇ. ಮನಸ್ಸಲ್ಲಿ ಏನು ನಂಬ್ತೀರಿ ಅನ್ನೋದನ್ನ ಸರ್ಕಾರ ಮುಟ್ಟೋ ಹಾಗೇ ಇಲ್ಲ, ಅದಕ್ಕೆ ಯಾವ ಮಿತಿಯೂ ಇಲ್ಲ. ಆ ನಂಬಿಕೆಯನ್ನ ಬಟ್ಟೆ, ಪೂಜೆ, ಮೆರವಣಿಗೆ ಅಂತ ಹೊರಗೆ ತೋರಿಸಿದಾಗ ಮಾತ್ರ ಮಿತಿ ಹಾಕಬಹುದು, ಅದೂ ಶರತ್ತಿನ ಮೇಲೆ. ಮೊದಲು, ಆ ಮಿತಿ ಕಾನೂನಲ್ಲಿ ಬರೆದಿರಬೇಕು, ಯಾರೋ ಅಧಿಕಾರಿ ಮನಸ್ಸಿಗೆ ಬಂದಂಗೆ ಮಾಡಂಗಿಲ್ಲ. ಆಮೇಲೆ, ಕಾರಣ ಪಟ್ಟಿಯಲ್ಲಿರೋದೇ ಆಗಿರಬೇಕು: ಸಾರ್ವಜನಿಕ ಸುರಕ್ಷತೆ, ಸುವ್ಯವಸ್ಥೆ, ಆರೋಗ್ಯ, ನೈತಿಕತೆ, ಬೇರೆಯವರ ಹಕ್ಕು. ಕೊನೇದು, ಹಾಕಿದ ಮಿತಿ ಕಾರಣಕ್ಕೆ ತಕ್ಕಷ್ಟೇ ಇರಬೇಕು.

ಈ ಕೊನೇದರ ಮೇಲೇ ಬಹಳಷ್ಟು ಕೇಸು ನಿಲ್ಲೋದು. ತೋಟಕ್ಕೆ ದನ ನುಗ್ತಾವೆ ಅಂತ ಬೇಲಿ ಹಾಕಿದ್ರೆ ಯಾರೂ ತಕರಾರು ಮಾಡಲ್ಲ, ಆದ್ರೆ ಅದೇ ನೆಪಕ್ಕೆ ಊರವರು ಓಡಾಡೋ ಕಾಲುದಾರಿಯನ್ನೇ ಮುಚ್ಚಿದ್ರೆ ಪಂಚಾಯ್ತಿಗೆ ಹೋಗ್ತಾರೆ. ದನ ನುಗ್ಗೋದು ಸುಳ್ಳು ಅಂತ ಅಲ್ಲಿ ಯಾರೂ ವಾದ ಮಾಡಲ್ಲ, ಅದಕ್ಕೆ ಇಷ್ಟು ಬೇಕಿತ್ತಾ ಅಂತ ಕೇಳ್ತಾರೆ. ಬೇಕಿತ್ತು ಅಂತ ತೋರಿಸೋ ಜವಾಬ್ದಾರಿ ಬೇಲಿ ಹಾಕಿದವನದು, ಅಂದ್ರೆ ಇಲ್ಲಿ ಸರ್ಕಾರದ್ದು.

"ಆ ಬಟ್ಟೆ ಹಾಕಲೇಬೇಕು ಅಂತ ಧರ್ಮಗ್ರಂಥದಲ್ಲಿ ಇದೆಯಾ" ಅನ್ನೋ ಪ್ರಶ್ನೆ ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ ಅನ್ನೋದು ನಿಮ್ಮ ಗಮನಕ್ಕೆ ಬಂದಿರಬಹುದು. 2013ರಲ್ಲಿ ಬ್ರಿಟಿಷ್ ಏರ್‌ವೇಸ್ ಉದ್ಯೋಗಿಯೊಬ್ಬರ ಶಿಲುಬೆ ಸರದ ಕೇಸಲ್ಲಿ ಸ್ಟ್ರಾಸ್‌ಬರ್ಗ್ ಕೋರ್ಟು ಇದನ್ನ ಬಿಡಿಸಿ ಹೇಳ್ತು: ಶಿಲುಬೆ ಹಾಕೋದು ಕ್ರೈಸ್ತರಿಗೆ ಕಡ್ಡಾಯ ಅಂತ ಆಕೆ ಸಾಬೀತು ಮಾಡಬೇಕಿಲ್ಲ, ಅವಳ ನಂಬಿಕೆಗೂ ಆ ಸರಕ್ಕೂ ನಿಕಟ ಸಂಬಂಧ ಇದ್ರೆ ಸಾಕು. ಆ ಕೇಸಲ್ಲಿ ಆಕೆ ಗೆದ್ರು. ಅದೇ ದಿನ, ಅದೇ ತೀರ್ಪಲ್ಲಿ, ಶಿಲುಬೆ ಸರ ಹಾಕ್ಕೊಳ್ತೀನಿ ಅಂದಿದ್ದ ಒಬ್ಬ ನರ್ಸ್ ಸೋತ್ರು, ಯಾಕಂದ್ರೆ ರೋಗಿ ಸರ ಹಿಡಿದು ಎಳೆದ್ರೆ ಅಥವಾ ಗಾಯಕ್ಕೆ ತಾಗಿದ್ರೆ ಅನ್ನೋ ಆಸ್ಪತ್ರೆಯ ಕಾರಣ ಗಟ್ಟಿ ಇತ್ತು. ಸರ ಅದೇ, ಧರ್ಮ ಅದೇ, ಹಾಕಿದವರು ಎಲ್ಲಿ ಕೆಲಸ ಮಾಡ್ತಿದ್ರು ಅನ್ನೋದಷ್ಟೇ ಬೇರೆ.

ಯಾರು ಹಾಕಿದ್ದು, ಎಲ್ಲಿ ಹಾಕಿದ್ದು

ಸ್ಟ್ರಾಸ್‌ಬರ್ಗ್ ತೀರ್ಪುಗಳನ್ನ ಒಟ್ಟಿಗೆ ಇಟ್ಟು ನೋಡಿದ್ರೆ ಒಂದು ದಾರಿ ಕಾಣುತ್ತೆ. ಸರ್ಕಾರದ ಪರವಾಗಿ ನಿಂತವರಿಗೆ ಬಿಡುವು ಕಮ್ಮಿ. 2001ರಲ್ಲಿ ಜಿನೀವಾದ ಪ್ರೈಮರಿ ಸ್ಕೂಲ್ ಟೀಚರ್ ಸೋತ್ರು, ಚಿಕ್ಕ ಮಕ್ಕಳ ಮೇಲೆ ಪ್ರಭಾವ ಆಗಬಹುದು ಅಂತ. 2015ರಲ್ಲಿ ಫ್ರೆಂಚ್ ಸರ್ಕಾರಿ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ ಸೋತ್ರು, ಸ್ಕಾರ್ಫ್ ತೆಗೆಯಲ್ಲ ಅಂದಿದ್ದಕ್ಕೆ ಆಕೆಯ ಕಾಂಟ್ರಾಕ್ಟ್ ರಿನ್ಯೂ ಆಗಿರಲಿಲ್ಲ.

ಸಾಮಾನ್ಯ ನಾಗರಿಕರಾಗಿ ಬಂದವರಿಗೆ ಬಿಡುವು ಜಾಸ್ತಿ. 1996ರಲ್ಲಿ ಅಂಕಾರಾದ ರಸ್ತೆಯಲ್ಲಿ ಪೇಟ, ಶಲ್ವಾರ್, ಕೈಲಿ ಕೋಲು ಹಿಡಿದು ಓಡಾಡಿದ ಒಂದು ಪಂಥದವರಿಗೆ ಟರ್ಕಿ ಶಿಕ್ಷೆ ಕೊಟ್ಟಿತ್ತು, 2010ರಲ್ಲಿ ಕೋರ್ಟು ಅವರ ಪರ ನಿಂತು, ಇವರು ಅಧಿಕಾರಿಗಳಲ್ಲ, ರಸ್ತೆ ಎಲ್ಲರದ್ದು ಅಂತು. 2018ರಲ್ಲಿ ಬೆಲ್ಜಿಯಂನ ಕೋರ್ಟ್ ಹಾಲಿನಿಂದ ಹಿಜಾಬ್ ಕಾರಣಕ್ಕೆ ಹೊರಗೆ ಕಳಿಸಿದ ಮಹಿಳೆಯೂ ಗೆದ್ರು. ಆಕೆ ಅಲ್ಲಿ ಜಡ್ಜೂ ಅಲ್ಲ, ಸಿಬ್ಬಂದಿನೂ ಅಲ್ಲ, ತಮ್ಮ ಕೇಸಿಗೆ ಬಂದ ಸಾಮಾನ್ಯರು.

ಕಷ್ಟ ಇರೋದು ವಿದ್ಯಾರ್ಥಿಗಳ ವಿಷ್ಯದಲ್ಲಿ, ಅವರು ಸರ್ಕಾರದ ಕಟ್ಟಡದೊಳಗಿರೋ ಸಾಮಾನ್ಯರು. ಇಸ್ತಾಂಬುಲ್ ಯೂನಿವರ್ಸಿಟಿಯ ಮೆಡಿಕಲ್ ವಿದ್ಯಾರ್ಥಿನಿಯೊಬ್ಬರು 1998ರ ಸುತ್ತೋಲೆಯಿಂದ ಸ್ಕಾರ್ಫ್ ಹಾಕ್ಕೊಂಡು ಪರೀಕ್ಷೆಗೆ ಕೂರೋಕಾಗದೆ, ಕೊನೆಗೆ ವಿಯೆನ್ನಾಕ್ಕೆ ಹೋಗಿ ಓದು ಮುಂದುವರಿಸಿದ್ರು. 2005ರಲ್ಲಿ ಸ್ಟ್ರಾಸ್‌ಬರ್ಗ್‌ನ ದೊಡ್ಡ ಪೀಠ 16-1ರಲ್ಲಿ ಟರ್ಕಿಯ ಪರ ತೀರ್ಪು ಕೊಟ್ಟಿತು. ಆ ಒಬ್ಬರು, ಬೆಲ್ಜಿಯಂನ ಜಡ್ಜ್ ಫ್ರಾಂಸ್ವಾಜ್ ತುಲ್ಕೆನ್ಸ್, ಬರೆದ ಭಿನ್ನ ತೀರ್ಪನ್ನ ಇವತ್ತಿಗೂ ಕಾನೂನು ಓದೋರು ಓದ್ತಾರೆ: ಒತ್ತಡ, ಗಲಾಟೆ ಆಗಬಹುದು ಅನ್ನೋ ಬರೀ ಆತಂಕ ಸಾಲಲ್ಲ, ಆಗಿದೆ ಅಂತ ತೋರಿಸೋ ಘಟನೆಗಳು ಬೇಕು ಅನ್ನೋದು ಅವರ ವಾದ. ಇದರಲ್ಲಿ ನನಗೆ ಆ ಒಬ್ಬರ ಮಾತೇ ಹೆಚ್ಚು ತೂಕದ್ದು ಅನ್ಸುತ್ತೆ. ಹೊರೆ ಸರ್ಕಾರದ ಮೇಲಿದೆ ಅಂತ ಬಾಯಲ್ಲಿ ಹೇಳಿ, ಪುರಾವೆ ಕೇಳದೇ ಬಿಟ್ರೆ ಹೊರೆ ಎಲ್ಲಿ ಉಳೀತು?

2014: ಸ್ಟ್ರಾಸ್‌ಬರ್ಗ್ ಏನಂದಿತು

ಈಗ ಆ ಎರಡು ಫಾರ್ವರ್ಡ್‌ಗಳ ಮೂಲಕ್ಕೆ ಬರೋಣ. ಮೊದಲನೆಯ ಕೇಸು ಹಾಕಿದ್ದು ಪಾಕಿಸ್ತಾನದಲ್ಲಿ ಹುಟ್ಟಿದ ಫ್ರೆಂಚ್ ಪ್ರಜೆ, ಕೋರ್ಟ್ ದಾಖಲೆಯಲ್ಲಿ ಎಸ್.ಎ.ಎಸ್. ಅಂತ ಮಾತ್ರ ಇದೆ. ಕಾನೂನು ಜಾರಿಗೆ ಬಂದ ದಿನವೇ ಅರ್ಜಿ ಹಾಕಿದ್ರು. ಅವರು ಹೇಳಿದ್ದು ಇಷ್ಟು: ನನಗೆ ಗಂಡನ ಒತ್ತಾಯ ಇಲ್ಲ, ಮನೆಯವರದ್ದೂ ಇಲ್ಲ, ಎಲ್ಲಾ ದಿನ ಹಾಕಲ್ಲ, ನನಗೆ ಬೇಕು ಅನ್ಸಿದಾಗ ಹಾಕ್ತೀನಿ, ಬ್ಯಾಂಕಲ್ಲಿ, ಏರ್‌ಪೋರ್ಟಲ್ಲಿ, ಸೆಕ್ಯುರಿಟಿಯವರು ಕೇಳಿದ ಕಡೆ ತೆಗೀತೀನಿ.

ಫ್ರೆಂಚ್ ಸರ್ಕಾರ ಕೊಟ್ಟ ಕಾರಣಗಳನ್ನ ಕೋರ್ಟು ಒಂದೊಂದಾಗಿ ನೋಡ್ತು. ಸುರಕ್ಷತೆ? ಗುರುತು ಪತ್ತೆ ಬೇಕಾದಾಗ ಮುಖ ತೋರ್ಸಿ ಅಂದ್ರೆ ಸಾಕು, ಅದಕ್ಕಾಗಿ ಎಲ್ಲಾ ಕಡೆ, ಎಲ್ಲಾ ಹೊತ್ತು ಬ್ಯಾನ್ ಮಾಡೋದು ಅತಿಯಾಯ್ತು ಅಂತ ತಳ್ಳಿಹಾಕ್ತು. ಹೆಣ್ಣು-ಗಂಡಿನ ಸಮಾನತೆ? ಹೆಂಗಸರು ತಾವೇ ತಮ್ಮ ಹಕ್ಕು ಅಂತ ಹಾಕ್ಕೊಂಡಿದ್ದನ್ನ ಸಮಾನತೆ ಹೆಸರಲ್ಲಿ ಕಿತ್ಕೊಳ್ಳೋಕಾಗಲ್ಲ ಅಂತು. ಮಾನವ ಘನತೆ? ಆ ಬಟ್ಟೆ ನೋಡಿದವರಿಗೆ ವಿಚಿತ್ರ ಅನ್ನಿಸಬಹುದು, ಆದ್ರೆ ಅದು ಬೇರೆಯವರನ್ನ ಕೀಳಾಗಿ ಕಾಣೋದರ ಗುರುತು ಅನ್ನೋಕೆ ಪುರಾವೆ ಇಲ್ಲ ಅಂತ ಅದೂ ಬಿತ್ತು. ಫ್ರಾನ್ಸಲ್ಲಿ 2009ರ ಕೊನೆಗೆ ಹೀಗೆ ಮುಖ ಮುಚ್ಚೋರು ಸುಮಾರು 1,900 ಜನ ಅಂತ, ಇಷ್ಟು ಕಮ್ಮಿ ಜನರಿಗೆ ಇಷ್ಟು ದೊಡ್ಡ ಕಾನೂನಾ ಅನ್ನೋ ಪ್ರಶ್ನೆಯನ್ನೂ ಎತ್ತಿತು. ಕಾನೂನು ಬರೋ ಮುಂಚಿನ ಚರ್ಚೆಯಲ್ಲಿ ಮುಸ್ಲಿಂ ದ್ವೇಷದ ಮಾತುಗಳು ಬಂದಿದ್ದು ಕಳವಳಕಾರಿ ಅಂತಲೂ ಬರೀತು.

ಇಷ್ಟು ಓದಿದವರು ಆಕೆ ಗೆದ್ರು ಅಂದ್ಕೊಳ್ತಾರೆ. ಆದ್ರೆ ಒಂದು ಕಾರಣ ಉಳೀತು, ಕೂಡಿ ಬಾಳೋದು. ಮುಖ ಕಾಣೋದು ಸಮಾಜದಲ್ಲಿ ಒಬ್ಬರ ಜೊತೆ ಒಬ್ಬರು ಒಡನಾಡೋಕೆ ಬೇಕಾದ ಕನಿಷ್ಠ ಅಂತ ಫ್ರಾನ್ಸ್ ವಾದ ಮಾಡಿತ್ತು. ಅದನ್ನ ಬೇರೆಯವರ ಹಕ್ಕು ಅನ್ನೋ ತಲೆಬರಹದ ಕೆಳಗೆ ಕೋರ್ಟು ಒಪ್ಕೊಂಡು, ಇಂಥ ಸಾಮಾಜಿಕ ಆಯ್ಕೆಯಲ್ಲಿ ದೇಶಕ್ಕೆ ಹೆಚ್ಚು ಸ್ವಾತಂತ್ರ್ಯ ಬಿಡಬೇಕು, ದಂಡವೂ ಸಣ್ಣದು, ಅದೂ ಅಲ್ದೆ ಕಾನೂನು ಮುಚ್ಚಿದ ಮುಖದ ಮೇಲಿದೆ ಹೊರತು ಧರ್ಮದ ಮೇಲಲ್ಲ ಅಂತ ಹೇಳಿ, 15-2ರಲ್ಲಿ ಫ್ರಾನ್ಸ್ ಪರ ತೀರ್ಪು ಕೊಟ್ಟಿತು. ಒಪ್ಪದ ಇಬ್ಬರು ಜಡ್ಜ್‌ಗಳು ಕೇಳಿದ್ದು: ರಸ್ತೆಯಲ್ಲಿ ಯಾರ ಜೊತೆಗೂ ಬೆರೆಯದೇ ಇರೋ ಹಕ್ಕೂ ಮನುಷ್ಯರಿಗೆ ಇಲ್ವಾ?

ಸ್ಟ್ರಾಸ್‌ಬರ್ಗ್ ಹೀಗೆ ದೇಶಗಳಿಗೆ ಬಿಡೋ ಜಾಗಕ್ಕೆ ವಿವೇಚನೆಯ ಅವಕಾಶ ಅನ್ನಬಹುದು. ಯುರೋಪಿನ 46 ದೇಶಗಳು ಈ ಕೋರ್ಟಿನ ವ್ಯಾಪ್ತಿಯಲ್ಲಿವೆ, ಧರ್ಮದ ವಿಷ್ಯದಲ್ಲಿ ಒಂದರಂತೆ ಇನ್ನೊಂದಿಲ್ಲ. ಒಮ್ಮತ ಇಲ್ಲದ ಕಡೆ ಕೋರ್ಟು ಹಿಂದೆ ಸರಿಯುತ್ತೆ. ಇಟಲಿಯ ಸರ್ಕಾರಿ ಶಾಲೆ ಗೋಡೆ ಮೇಲಿನ ಶಿಲುಬೆ ಇರಲಿ ಬಿಡಿ ಅಂತ 2011ರಲ್ಲಿ ಹೇಳಿದ್ದೂ ಇದೇ ತರ್ಕದ ಮೇಲೆ. ಇಟಲಿಯಲ್ಲಿ ಗೋಡೆ ಮೇಲೆ ಧರ್ಮ ಇರಬಹುದು, ಫ್ರಾನ್ಸಲ್ಲಿ ತಲೆ ಮೇಲೆ ಬೇಡ ಅನ್ನಬಹುದು, ಎರಡೂ ದೇಶದ ಆಯ್ಕೆ. ಇದು ಹಲವರಿಗೆ ಸರಿ ಅನ್ಸಲ್ಲ, ನನಗೂ ಪೂರ್ತಿ ಸಮಾಧಾನ ಇಲ್ಲ, ಆದ್ರೆ ಕೋರ್ಟು ಹೋಗೋ ದಾರಿ ಇದು.

2018: ಜಿನೀವಾ ಏನಂದಿತು

ಅದೇ ಕಾನೂನಡಿ ಫ್ರಾನ್ಸಲ್ಲಿ ಶಿಕ್ಷೆಯಾಗಿದ್ದ ಇಬ್ಬರು ಮಹಿಳೆಯರು ಸ್ಟ್ರಾಸ್‌ಬರ್ಗ್ ಬಿಟ್ಟು ಜಿನೀವಾದ ಸಮಿತಿಗೆ ದೂರು ಕೊಟ್ರು. 2018ರ ಅಕ್ಟೋಬರಲ್ಲಿ ಹೊರಬಿದ್ದ ನಿರ್ಧಾರದಲ್ಲಿ ಸಮಿತಿ 18ನೇ ವಿಧಿಯ ಪಟ್ಟಿಯನ್ನ ಕೈಲಿ ಹಿಡಿದು ಬಿಗಿಯಾಗಿ ನೋಡ್ತು. ಕೂಡಿ ಬಾಳೋದು ಅನ್ನೋ ಕಾರಣ ಆ ಪಟ್ಟಿಯಲ್ಲೇ ಇಲ್ಲ, ಅದು ತೀರಾ ಅಸ್ಪಷ್ಟ ಪರಿಕಲ್ಪನೆ, ಅದರಿಂದ ಯಾರ ಯಾವ ಹಕ್ಕು ಕಾಪಾಡಿದಂಗಾಯ್ತು ಅಂತ ಫ್ರಾನ್ಸ್ ತೋರಿಸಿಲ್ಲ ಅಂತು. ಆಟೋಟ, ಹಬ್ಬ, ಆರೋಗ್ಯ ಅಂತ ಬೇರೆ ಕಾರಣಕ್ಕೆ ಮುಖ ಮುಚ್ಚೋರಿಗೆಲ್ಲ ಕಾನೂನಲ್ಲೇ ವಿನಾಯ್ತಿ ಇದೆ, ಕೊನೆಗೆ ದಂಡ ಬೀಳೋದು ನಿಖಾಬ್‌ನವರಿಗೇ, ಹಾಗಾಗಿ ಇದು ತಾರತಮ್ಯವೂ ಹೌದು ಅಂತು. ಒತ್ತಾಯಕ್ಕೆ ಸಿಕ್ಕಿದ ಹೆಂಗಸರನ್ನ ಕಾಪಾಡೋಕೆ ಅಂತ ತಂದ ಕಾನೂನು ಅವರನ್ನ ಮನೆಯೊಳಗೇ ಕೂಡಿಹಾಕಬಹುದು ಅನ್ನೋ ಮಾತನ್ನೂ ಸೇರಿಸ್ತು.

ಹಾಗಾದ್ರೆ ಯಾವುದು ನಡೆಯುತ್ತೆ? ಸ್ಟ್ರಾಸ್‌ಬರ್ಗ್ ತೀರ್ಪಿಗೆ ಫ್ರಾನ್ಸ್ ಕಾನೂನಾಗಿ ಬದ್ಧ. ಜಿನೀವಾ ಸಮಿತಿ ಕೋರ್ಟ್ ಅಲ್ಲ, ಅದರ ಅಭಿಪ್ರಾಯಕ್ಕೆ ಗೌರವ ಇದೆ, ಆದ್ರೆ ಜಾರಿ ಮಾಡ್ಸೋಕೆ ಪೊಲೀಸೂ ಇಲ್ಲ, ಅಮೀನನೂ ಇಲ್ಲ. 180 ದಿನದೊಳಗೆ ಏನು ಮಾಡಿದ್ರಿ ಹೇಳಿ ಅಂತ ಕೇಳಿತ್ತು, ಕಾನೂನು ಹಾಗೇ ಉಳೀತು. ಶಾಲೆಯಿಂದ ಹೊರಹಾಕಿದ ಸಿಖ್ ಹುಡುಗನ ಪಗಡಿ ಕೇಸಲ್ಲೂ 2012ರಲ್ಲಿ ಸಮಿತಿ ಫ್ರಾನ್ಸ್ ವಿರುದ್ಧವೇ ಹೇಳಿತ್ತು, ಅದಕ್ಕೆ ಮುಂಚೆ 2009ರಲ್ಲಿ ಅಂಥದ್ದೇ ದೂರುಗಳನ್ನ ಸ್ಟ್ರಾಸ್‌ಬರ್ಗ್ ವಿಚಾರಣೆಗೇ ತಗೊಂಡಿರಲಿಲ್ಲ.

ನಮ್ಮ ಕೋರ್ಟು ಶುರು ಮಾಡಿದ್ದು ಬೇರೆ ಕಡೆಯಿಂದ

ಈಗ ಊರಿಗೆ ಬರೋಣ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶ 1983ರ ಕರ್ನಾಟಕ ಶಿಕ್ಷಣ ಕಾಯ್ದೆ ಅಡಿ ಬಂದಿದ್ದು: ಸರ್ಕಾರಿ ಪಿಯು ಕಾಲೇಜಲ್ಲಿ ಕಾಲೇಜು ಅಭಿವೃದ್ಧಿ ಸಮಿತಿ ಹೇಳಿದ ಸಮವಸ್ತ್ರ, ಖಾಸಗಿಯಲ್ಲಿ ಮ್ಯಾನೇಜ್‌ಮೆಂಟ್ ಹೇಳಿದ್ದು. ಹಿಜಾಬ್ ಹಾಕ್ಕೊಂಡೇ ಕ್ಲಾಸಿಗೆ ಬರ್ತೀವಿ ಅಂದ ಉಡುಪಿಯ ಹುಡುಗಿಯರ ಕೇಸಲ್ಲಿ ಹೈಕೋರ್ಟಿನ ಮೂವರ ಪೀಠ ಮಾರ್ಚ್ 15ಕ್ಕೆ ತೀರ್ಪು ಕೊಟ್ಟಿತು. ಅದು ತಗೊಂಡ ಮೊದಲ ಪ್ರಶ್ನೆನೇ, ಹಿಜಾಬ್ ಧರಿಸೋದು ಇಸ್ಲಾಂನ ಅತ್ಯಗತ್ಯ ಧಾರ್ಮಿಕ ಆಚರಣೆಯಾ? ಅಲ್ಲ ಅಂತ ಉತ್ತರ. ಎರಡನೇದು, ಸಮವಸ್ತ್ರ ಕಡ್ಡಾಯ ಮಾಡೋದು ಸಮಂಜಸ ನಿರ್ಬಂಧವಾ? ಹೌದು ಅಂತ ಉತ್ತರ.

ಯುರೋಪಲ್ಲಿ ಯಾರೂ ಕೇಳದ ಆ ಮೊದಲ ಪ್ರಶ್ನೆ ನಮ್ಮಲ್ಲಿ ಎಲ್ಲಿಂದ ಬಂತು? ಉಡುಪಿಯಿಂದಲೇ. 1951ರ ಮದ್ರಾಸ್ ಧಾರ್ಮಿಕ ದತ್ತಿ ಕಾಯ್ದೆಯನ್ನ ಉಡುಪಿ ಅಷ್ಟಮಠಗಳಲ್ಲಿ ಒಂದಾದ ಶೀರೂರು ಮಠದ ಸ್ವಾಮಿಗಳು ಕೋರ್ಟಲ್ಲಿ ಪ್ರಶ್ನೆ ಮಾಡಿದ್ರು, ಆಗ ಉಡುಪಿ ಮದ್ರಾಸ್ ರಾಜ್ಯದಲ್ಲಿತ್ತು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ಜಡ್ಜ್‌ಗಳ ಪೀಠ, ಧರ್ಮದ ಅತ್ಯಗತ್ಯ ಭಾಗ ಯಾವುದು ಅನ್ನೋದನ್ನ ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ತಿಳೀಬೇಕು ಅಂತ ಹೇಳ್ತು. ಸರ್ಕಾರ ಮಠದೊಳಗೆ ಕೈ ಹಾಕೋದನ್ನ ತಡೆಯೋಕೆ ಹುಟ್ಟಿದ ಮಾತದು. ಬರ್ತಾ ಬರ್ತಾ ಮುಂದಿನ ತೀರ್ಪುಗಳಲ್ಲಿ ಯಾವುದು ಅತ್ಯಗತ್ಯ, ಯಾವುದಲ್ಲ ಅಂತ ಜಡ್ಜ್‌ಗಳೇ ಗ್ರಂಥ ಓದಿ ತೀರ್ಮಾನ ಮಾಡೋ ಪರೀಕ್ಷೆಯಾಗಿ ಬದಲಾಯ್ತು. 68 ವರ್ಷ ಆದ್ಮೇಲೆ ಅದೇ ಊರಿನ ಹುಡುಗಿಯರ ಮೇಲೆ ಅದೇ ಪರೀಕ್ಷೆ ಬಂತು.

ಪ್ರಶ್ನೆ ಬೇರೆಯಾದ್ರೆ ಹೊರೆಯೂ ಕೈ ಬದಲಾಗುತ್ತೆ. ಬಟ್ಟೆ ಅತ್ಯಗತ್ಯವಾ ಅಂತ ಶುರು ಮಾಡಿದ್ರೆ ಸಾಬೀತು ಮಾಡಬೇಕಾದವಳು ಹುಡುಗಿ. ನಿರ್ಬಂಧ ಬೇಕಿತ್ತಾ ಅಂತ ಶುರು ಮಾಡಿದ್ರೆ ಸಾಬೀತು ಮಾಡಬೇಕಾದ್ದು ಸರ್ಕಾರ. ಸುಪ್ರೀಂ ಕೋರ್ಟಲ್ಲಿ 2022ರ ಅಕ್ಟೋಬರ್ 13ರಂದು ಇಬ್ಬರು ಜಡ್ಜ್‌ಗಳ ದಾರಿ ಬೇರೆಯಾಯ್ತು. ಹೇಮಂತ್ ಗುಪ್ತ ಅವರು ಮೇಲ್ಮನವಿಗಳನ್ನ ವಜಾ ಮಾಡಿದ್ರು, ಸಮವಸ್ತ್ರ ಸಮಾನತೆ ತರುತ್ತೆ, ಸೆಕ್ಯುಲರ್ ಶಾಲೆಯಲ್ಲಿ ಅದು ಎಲ್ಲರಿಗೂ ಒಂದೇ ಅನ್ನೋ ನಿಲುವು. ಸುಧಾಂಶು ಧೂಲಿಯಾ ಅವರು, ಅತ್ಯಗತ್ಯ ಆಚರಣೆಯ ಪ್ರಶ್ನೆನೇ ಇಲ್ಲಿ ಬೇಕಿರಲಿಲ್ಲ, ಇದು ಹುಡುಗಿಯ ಆಯ್ಕೆ, ಗೇಟಲ್ಲಿ ತೆಗೆಸೋದು ಅವಳ ಖಾಸಗಿತನ ಮತ್ತು ಘನತೆ ಮೇಲಿನ ದಾಳಿ ಅಂತ ಬರೆದ್ರು. ಕೇಸನ್ನ ದೊಡ್ಡ ಪೀಠಕ್ಕಾಗಿ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸಲಾಯ್ತು. ಅತ್ಯಗತ್ಯ ಆಚರಣೆಯ ಪರೀಕ್ಷೆಯಲ್ಲಿ ಕೋರ್ಟು ಎಲ್ಲಿವರೆಗೆ ಹೋಗಬಹುದು ಅನ್ನೋದು ಅದಕ್ಕೂ ಮುಂಚೆ, 2019ರ ನವೆಂಬರಲ್ಲೇ, ಶಬರಿಮಲೆ ಮರುಪರಿಶೀಲನೆಯ ಮೂಲಕ ದೊಡ್ಡ ಪೀಠದ ದಾರಿ ಹಿಡಿದಿತ್ತು.

ಡರ್ಬನ್‌ನ ಮೂಗುಬೊಟ್ಟು

ಈ ಎರಡು ಪ್ರಶ್ನೆಗಳ ವ್ಯತ್ಯಾಸ ಅತ್ಯಂತ ಚೆನ್ನಾಗಿ ಕಾಣೋದು ದಕ್ಷಿಣ ಆಫ್ರಿಕಾದ ಒಂದು ಕೇಸಲ್ಲಿ, ಅದನ್ನ ನಮ್ಮ ಹೈಕೋರ್ಟಲ್ಲೂ ವಕೀಲರು ಎತ್ತಿದ್ರು. ಡರ್ಬನ್‌ನ ಗರ್ಲ್ಸ್ ಹೈಸ್ಕೂಲಿನ ಹುಡುಗಿಯೊಬ್ಬಳು ರಜೆ ಮುಗಿಸ್ಕೊಂಡು ಬರುವಾಗ ಮೂಗು ಚುಚ್ಚಿಸ್ಕೊಂಡು ಸಣ್ಣ ಚಿನ್ನದ ಮೂಗುಬೊಟ್ಟು ಹಾಕ್ಕೊಂಡು ಬಂದ್ಲು. ದಕ್ಷಿಣ ಭಾರತ ಮೂಲದ ಹಿಂದೂ ಮನೆತನ. ಹುಡುಗಿ ದೊಡ್ಡವಳಾದಾಗ ಮೂಗು ಚುಚ್ಚಿಸೋದು, 16 ತುಂಬಿದಾಗ ಅಜ್ಜಿ ಚಿನ್ನದ್ದು ತೆಗೆದು ವಜ್ರದ ಬೊಟ್ಟು ಹಾಕೋದು ಅವರ ಮನೆ ಪದ್ಧತಿ. ಸ್ಕೂಲು ಒಡವೆ ರೂಲು ತೋರಿಸಿ ತೆಗಿ ಅಂತು. ನಮ್ಮ ಮನೆಗಳಲ್ಲಿ ಇದು ಎಷ್ಟು ಸಹಜ ಅಂದ್ರೆ, ಮೂಗುತಿ ಧರ್ಮದ ಕಡ್ಡಾಯ ನಿಯಮವಾ ಅಂತ ಕೇಳಿದ್ರೆ ಅಜ್ಜಿ ನಗ್ತಾರೆ. ಕಡ್ಡಾಯ ಅಲ್ಲ, ಆದ್ರೂ ನಮ್ಮದು.

2007ರ ಅಕ್ಟೋಬರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟು ಹುಡುಗಿ ಪರ ತೀರ್ಪು ಕೊಟ್ಟಾಗ ಮುಖ್ಯ ನ್ಯಾಯಮೂರ್ತಿ ಪಿಯಸ್ ಲಂಗಾ ಬರೆದಿದ್ದು ಇದೇ ಅರ್ಥದ್ದು. ಕಡ್ಡಾಯ ಆಚರಣೆಗೆ ಮಾತ್ರ ರಕ್ಷಣೆ ಅಂದ್ರೆ ಮನುಷ್ಯರು ತಾವಾಗೇ ಪ್ರೀತಿಯಿಂದ ಪಾಲಿಸೋದಕ್ಕೆ ಬೆಲೆನೇ ಇಲ್ಲದಂಗಾಗುತ್ತೆ, ಸ್ವಇಚ್ಛೆಯ ಆಚರಣೆಗೂ ರಕ್ಷಣೆ ಇದೆ. ಯೂನಿಫಾರ್ಮ್ ರೂಲು ಇರಲಿ, ಆದ್ರೆ ಒಬ್ಬಳಿಗೆ ವಿನಾಯ್ತಿ ಕೊಟ್ರೆ ಶಾಲೆಯ ಶಿಸ್ತಿಗೆ ಏನು ತೊಂದ್ರೆ ಅಂತ ಶಾಲೆ ತೋರಿಸಲಿಲ್ಲ. ನಮ್ಮ ಹೈಕೋರ್ಟು ಈ ಕೇಸನ್ನ ಬದಿಗಿಟ್ಟಿತು, ಮೂಗುಬೊಟ್ಟು ಕಣ್ಣಿಗೂ ಕಾಣದಷ್ಟು ಚಿಕ್ಕದು, ಹಿಜಾಬಿಗೆ ಹೋಲಿಸೋಕಾಗಲ್ಲ ಅನ್ನೋದು ಅದರ ಕಾರಣ.

ನಮ್ಮವರು ಜಿನೀವಾಕ್ಕೆ ಹೋಗಬಹುದಾ? ಯುರೋಪಲ್ಲಿರೋರಿಗೆ ಏನು?

ಭಾರತ 1979ರಲ್ಲೇ ಆ ಅಂತಾರಾಷ್ಟ್ರೀಯ ಒಡಂಬಡಿಕೆಗೆ ಸೇರಿದೆ, ಹಾಗಾಗಿ 18ನೇ ವಿಧಿ ನಮಗೂ ಅನ್ವಯ. ಆದ್ರೆ ವ್ಯಕ್ತಿಗಳು ನೇರ ದೂರು ಕೊಡೋಕೆ ಬೇಕಾದ ಐಚ್ಛಿಕ ಪ್ರೋಟೋಕಾಲ್‌ಗೆ ಭಾರತ ಸೇರಿಲ್ಲ. ಇಲ್ಲಿಂದ ಯಾರೂ ತಮ್ಮ ಕೇಸು ತಗೊಂಡು ಆ ಸಮಿತಿಗೆ ಹೋಗೋಕಾಗಲ್ಲ, ನಮಗೆ ಸುಪ್ರೀಂ ಕೋರ್ಟೇ ಕೊನೇ ಮೆಟ್ಟಿಲು.

ಓದೋಕೆ, ಕೆಲಸಕ್ಕೆ ಅಂತ ಫ್ರಾನ್ಸ್, ಜರ್ಮನಿ ಕಡೆ ಹೋಗಿರೋ ನಮ್ಮವರು ಬಹಳ ಜನ ಇದ್ದಾರೆ, ಅವರಿಗೆ ಕೆಲಸಕ್ಕೆ ಬರೋ ಮಾತು. ಫ್ರಾನ್ಸಿನ 2004ರ ಕಾನೂನು ಯೂನಿವರ್ಸಿಟಿಗೆ ಅನ್ವಯ ಆಗಲ್ಲ, ಅಲ್ಲಿ ಓದೋರು ಹಿಜಾಬ್, ಪಗಡಿ ಹಾಕಬಹುದು. ಮಕ್ಕಳನ್ನ ಸರ್ಕಾರಿ ಶಾಲೆಗೆ ಸೇರಿಸಿದ್ರೆ ಅದು ಅನ್ವಯ, 2023ರ ಸೆಪ್ಟೆಂಬರಿಂದ ಅಬಾಯವನ್ನೂ ಅದರಡಿ ತಂದಿದ್ದಾರೆ. ಬೀಚಲ್ಲಿ ಬುರ್ಕಿನಿ, ಅಂದ್ರೆ ಮೈಪೂರ್ತಿ ಮುಚ್ಚೋ ಈಜುಡುಗೆ, ಬೇಡ ಅಂತ ಮೇಯರ್‌ಗಳು 2016ರಲ್ಲಿ ಹೊರಡಿಸಿದ್ದ ಆದೇಶಗಳಲ್ಲಿ ಒಂದನ್ನ ಕೌನ್ಸಿಲ್ ಆಫ್ ಸ್ಟೇಟ್ ತಡೆಹಿಡಿದಿತ್ತು, ಗಲಾಟೆಯ ಅಪಾಯ ಇದೆ ಅನ್ನೋಕೆ ಪುರಾವೆ ಇಲ್ಲ ಅಂತ. ಜರ್ಮನಿಯಲ್ಲಿ ಟೀಚರ್‌ಗಳ ಮೇಲೆ ಸಾರಾಸಗಟು ಬ್ಯಾನ್ ಸರಿಯಲ್ಲ, ಶಾಲೆಯ ಶಾಂತಿಗೆ ನಿಜವಾದ ಅಪಾಯ ಇರಬೇಕು ಅಂತ ಅಲ್ಲಿನ ಸಾಂವಿಧಾನಿಕ ಕೋರ್ಟು 2015ರಲ್ಲಿ ಹೇಳಿದೆ. ಖಾಸಗಿ ಕಂಪನಿಗಳಿಗೆ ಯುರೋಪಿಯನ್ ಒಕ್ಕೂಟದ ಕೋರ್ಟು, ಅದು ಲಕ್ಸೆಂಬರ್ಗ್‌ನಲ್ಲಿದೆ, ಸ್ಟ್ರಾಸ್‌ಬರ್ಗ್‌ನದ್ದಲ್ಲ, 2017 ಮತ್ತು 2021ರಲ್ಲಿ ದಾರಿ ಹಾಕಿಕೊಟ್ಟಿದೆ: ಧರ್ಮದ ಗುರುತು ಬೇಡ ಅನ್ನೋ ರೂಲು ಇರಬಹುದು, ಆದ್ರೆ ಎಲ್ಲಾ ಧರ್ಮಕ್ಕೂ, ಸಣ್ಣದು ದೊಡ್ಡದು ಅನ್ನದೆ ಕಣ್ಣಿಗೆ ಕಾಣೋ ಎಲ್ಲಾ ಗುರುತಿಗೂ ಒಂದೇ ಥರ ಇರಬೇಕು, ಮತ್ತು ಕಂಪನಿಗೆ ಅದರ ನಿಜವಾದ ಅಗತ್ಯ ಇದೆ ಅಂತ ಕಂಪನಿಯೇ ತೋರಿಸಬೇಕು. ಇಂಟರ್‌ವ್ಯೂನಲ್ಲಿ ಯಾರಾದ್ರೂ ಸ್ಕಾರ್ಫ್ ಅಥವಾ ಪಗಡಿ ತೆಗೀಬೇಕಾಗುತ್ತೆ ಅಂದ್ರೆ, ಆ ರೂಲು ಬರೆದಿರೋ ಕಾಗದ ಕೇಳಿ ತಗೊಳ್ಳಿ.